ಹೆಂಡ್ರಿಕ್ಸ್ ಮೊದಲೋ, ಬಿ.ಬಿ. ಕಿಂಗ್ ಮೊದಲೋ: ಶ್ರುತಿಪೆಟ್ಟಿಗೆ ಮುಂದಿಟ್ಟುಕೊಂಡು ವಾದಿಸಿ

ಮೈಸೂರಿನಲ್ಲಿ ಗಿಟಾರ್ ಕೈಗೆತ್ತಿಕೊಂಡವರು ನಾಲ್ಕು ಜನ ಸೇರಿದರೆ ಜಗತ್ತಿನ ಶ್ರೇಷ್ಠ ಗಿಟಾರ್ ವಾದಕ ಯಾರು ಅನ್ನುವ ಜಗಳ ಬಂದೇ ಬರುತ್ತದೆ. ದಸರಾ ಯುವ ಸಂಭ್ರಮ ನೋಡಿಕೊಂಡು ಮಾನಸಗಂಗೋತ್ರಿಯ ಬಯಲು ರಂಗಮಂದಿರದಿಂದ ಹೊರಗೆ ಬರುವಾಗಲಂತೂ ಕೇಳುವುದೇ ಬೇಡ. ಒಬ್ಬರು ಜಿಮಿ ಹೆಂಡ್ರಿಕ್ಸ್ ಅನ್ನುತ್ತಾರೆ, ಇನ್ನೊಬ್ಬರು ವ್ಯಾನ್ ಹೇಲನ್. ಮತ್ತೊಬ್ಬರು ಮೊಬೈಲಿನಲ್ಲಿ ಯಾವುದೋ ಪಟ್ಟಿ ತೆಗೆದು ತೋರಿಸುತ್ತಾರೆ. ಪಟ್ಟಿ ಬಂತು, ಇನ್ನು ವಾದ ಮುಗಿಯಿತು ಅಂದುಕೊಳ್ಳುವುದೇ ಮೊದಲ ತಪ್ಪು.

ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ ಮಾಡಿದ ಶ್ರೇಷ್ಠ ಗಿಟಾರ್ ವಾದಕರ ಮೂರು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2003ರಲ್ಲಿ ಎಡ್ಡಿ ವ್ಯಾನ್ ಹೇಲನ್‌ಗೆ 70ನೇ ಸ್ಥಾನ. 2011ರಲ್ಲಿ 8. 2023ರಲ್ಲಿ 4. ಆತನಿಗೆ ಹೆಸರು ತಂದ ಗಿಟಾರ್ ಸೋಲೊ ‘ಇರಪ್ಷನ್’ ಬಂದದ್ದು 1978ರಲ್ಲಿ. ಅದರಲ್ಲಿ ಒಂದು ಸ್ವರವೂ ಆಚೀಚೆ ಆಗಿಲ್ಲ. ಎರಿಕ್ ಕ್ಲ್ಯಾಪ್ಟನ್ 2011ರಲ್ಲಿ 2ನೆಯವರು, 2023ರಲ್ಲಿ 35ನೆಯವರು. ಸಿಸ್ಟರ್ ರೋಸೆಟಾ ಥಾರ್ಪ್ 2003ರ ನೂರು ಜನರಲ್ಲಿ ಇರಲೇ ಇಲ್ಲ, 2023ರ 250 ಜನರಲ್ಲಿ 6ನೇ ಜಾಗದಲ್ಲಿದ್ದಾರೆ. ಮೂರರಲ್ಲೂ ಮೊದಲ ಸ್ಥಾನ ಹೆಂಡ್ರಿಕ್ಸ್‌ದೇ. ಅದರ ಕೆಳಗಿನದೆಲ್ಲ, ಪಟ್ಟಿ ಮಾಡಿದವರು ಆ ವರ್ಷ ಯಾವುದಕ್ಕೆ ಬೆಲೆ ಕೊಟ್ಟರು ಅನ್ನುವುದರ ಮೇಲೆ ನಿಂತಿದೆ.

ಹಾಗಾದರೆ ನಾವು ಯಾವುದಕ್ಕೆ ಬೆಲೆ ಕೊಡಬೇಕು? ಈ ಊರಿನ ಕಿವಿಗೆ ಒಂದು ವಿಷಯ ಬಹಳ ಚೆನ್ನಾಗಿ ಗೊತ್ತು: ಎಳೆದ ತಂತಿ ಸ್ವರದ ಮೇಲೆ ಹೋಗಿ ನಿಂತಿತೋ ಇಲ್ಲವೋ ಅನ್ನುವುದು. ವೀಣೆ ಶೇಷಣ್ಣ, ಅವರ ಶಿಷ್ಯ ವೆಂಕಟಗಿರಿಯಪ್ಪ, ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ ನುಡಿಸಿದ ಊರು ಇದು. ಮೆಟ್ಟಿಲ (ಗಿಟಾರಿನಲ್ಲಿ ಅದೇ ಫ್ರೆಟ್) ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಮೇಲಿನ ಸ್ವರ ಹಿಡಿಯುವುದು ವೀಣೆಯ ದಿನನಿತ್ಯದ ಕೆಲಸ. ಗಿಟಾರಿನವರು ಬೆಂಡ್ ಅನ್ನುವುದೂ ಅದನ್ನೇ. ವಾದವನ್ನು ಇಲ್ಲಿಂದ ಶುರು ಮಾಡಿದರೆ ಕಿವಿಯಿಂದಲೇ ಪರೀಕ್ಷಿಸಬಹುದು.

ವೇಗದ ವಾದವನ್ನು ಬೇಗ ಮುಗಿಸಿಬಿಡೋಣ. ಲೆಕ್ಕ ಸುಲಭ: ನಿಮಿಷಕ್ಕೆ 120 ಬಡಿತ, ಬಡಿತಕ್ಕೆ 4 ಸ್ವರ ಅಂದರೆ ಸೆಕೆಂಡಿಗೆ 8. ಬಡಿತ 180ಕ್ಕೆ ಏರಿದರೆ 12. ಆದರೆ ಈ ಸಂಖ್ಯೆಯಿಂದ ಇಬ್ಬರನ್ನು ತೂಗಲು ಆಗುವುದಿಲ್ಲ. ಒಬ್ಬರು ಪ್ರತಿ ಸ್ವರವನ್ನೂ ಮೀಟುವ ಪುಟ್ಟ ಬಿಲ್ಲೆಯಾದ ಪಿಕ್‌ನಿಂದ ಮೀಟುತ್ತಾರೆ. ಇನ್ನೊಬ್ಬರು ಬಲಗೈ ಬೆರಳಿನಿಂದಲೇ ಫ್ರೆಟ್ ಮೇಲೆ ತಟ್ಟಿ ಸ್ವರ ಹುಟ್ಟಿಸುತ್ತಾರೆ, ಮೀಟೇ ಇಲ್ಲ. ಆಂಪ್‌ನಲ್ಲಿ ಗೇನ್ (ಸದ್ದು ಹಿಗ್ಗಿಸುವ ಮಟ್ಟ) ಜಾಸ್ತಿ ಇಟ್ಟರೆ ಮೆಲ್ಲಗೆ ತಟ್ಟಿದ್ದೂ ಜೋರಾಗಿ ಮೀಟಿದ್ದೂ ಒಂದೇ ಸಮ ಕೇಳಿಸುತ್ತವೆ. ಅದೂ ಅಲ್ಲದೆ ಲೆಸ್ ಪಾಲ್ ಅರ್ಧ ವೇಗದಲ್ಲಿ ಟೇಪ್ ಓಡಿಸಿ ನುಡಿಸಿ, ಆಮೇಲೆ ಪೂರ್ತಿ ವೇಗದಲ್ಲಿ ಕೇಳಿಸಿದ್ದೂ ಉಂಟು. ರೆಕಾರ್ಡ್ ಕೇಳಿ ವೇಗ ಅಳೆಯುವವರು ಇದನ್ನು ನೆನಪಿಟ್ಟಿರಬೇಕು.

ಈಗ ಎಳೆತದ ಪರೀಕ್ಷೆ. ಮನೆಯಲ್ಲಿರುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಇಲ್ಲದಿದ್ದರೆ ತಂಬೂರಿ ಆ್ಯಪ್, ಒಂದು ಇಯರ್‌ಫೋನ್ ಸಾಕು. ಮೊದಲು ಹಾಡಿನ ಆಧಾರ ಸ್ವರ ಹುಡುಕಿ. ಬಿ.ಬಿ. ಕಿಂಗ್‌ರ 1969ರ ‘ದ ಥ್ರಿಲ್ ಈಸ್ ಗಾನ್’ ಬಿ ಮೈನರ್‌ನಲ್ಲಿದೆ, ಪೆಟ್ಟಿಗೆಯನ್ನು ಬಿ ಸ್ವರಕ್ಕೆ ಇಡಿ. ಸ್ಟೀವಿ ರೇ ವಾನ್‌ರ ‘ಪ್ರೈಡ್ ಆ್ಯಂಡ್ ಜಾಯ್’ಗೆ ಬೆರಳು ಇಡುವುದು ಇ ಜಾಗದಲ್ಲಿ, ಆದರೆ ಗಿಟಾರನ್ನೇ ಒಂದು ಫ್ರೆಟ್‌ನಷ್ಟು ಇಳಿಸಿ ಶ್ರುತಿ ಮಾಡಿದ್ದಾರೆ, ಪೆಟ್ಟಿಗೆ ಡಿ ಶಾರ್ಪ್‌ಗೆ ಬರಬೇಕು. ಇದನ್ನು ಮರೆತು ಇ ಸ್ವರಕ್ಕೆ ಇಟ್ಟರೆ ಇಡೀ ಹಾಡೇ ಅಪಸ್ವರ ಅನ್ನಿಸುತ್ತದೆ, ತಪ್ಪು ವಾದಕರ ತಲೆಗೆ ಹೋಗುತ್ತದೆ. ಹಳೆಯ ಟೇಪುಗಳೂ ರೆಕಾರ್ಡುಗಳೂ ಯಾವಾಗಲೂ ಕರಾರುವಾಕ್ಕಾದ ವೇಗದಲ್ಲಿ ಓಡಿಲ್ಲ, ಹಾಗಾಗಿ ಪೆಟ್ಟಿಗೆಯ ಸೂಕ್ಷ್ಮ ಶ್ರುತಿಯ ತಿರುಪನ್ನು ಹಾಡಿನ ಬೇಸ್ ಗಿಟಾರಿಗೆ ಕೂಡುವವರೆಗೆ ತಿರುಗಿಸಿ. ಆಮೇಲೆ ಯೂಟ್ಯೂಬಿನಲ್ಲಿ ವೇಗವನ್ನು 0.5ಕ್ಕೆ ಇಳಿಸಿ, ವೇಗ ಇಳಿದರೂ ಶ್ರುತಿ ಇಳಿಯುವುದಿಲ್ಲ.

ಕನಿಷ್ಠ ಒಂದು ಬಡಿತದಷ್ಟಾದರೂ ನಿಂತ ಬೆಂಡ್‌ಗಳನ್ನು ಮಾತ್ರ ಆರಿಸಿಕೊಳ್ಳಿ. ಹಾರಿಹೋಗುವ ಎಳೆತಗಳಲ್ಲಿ ಏನೂ ತಿಳಿಯುವುದಿಲ್ಲ. ಎರಡು ಫ್ರೆಟ್‌ನಷ್ಟು ಮೇಲೆಳೆಯುವುದು ಹೇಗಿರಬೇಕೆಂದು ನಿಮ್ಮ ಗಿಟಾರಿನಲ್ಲೇ ನೋಡಿ: 3ನೇ ತಂತಿಯ 7ನೇ ಫ್ರೆಟ್‌ನಲ್ಲಿ ಡಿ ಇದೆ, ಅದನ್ನು ಎಳೆದರೆ 9ನೇ ಫ್ರೆಟ್‌ನ ಇ ಬರಬೇಕು. ಮೊದಲು 9ನ್ನು ನುಡಿಸಿ, ಆಮೇಲೆ 7ರಿಂದ ಎಳೆಯಿರಿ. ಬಹಳ ಜನ ಸ್ವಲ್ಪ ಕೆಳಗೇ ನಿಲ್ಲುತ್ತಾರೆ. ಕಾರಣ ಬೆರಳ ಬಲ. ಎರಡು ಫ್ರೆಟ್ ಏರಬೇಕಾದರೆ ತಂತಿಯ ಬಿಗಿ ಶೇಕಡ 26ರಷ್ಟು ಏರಬೇಕು, ಒಂದೇ ಬೆರಳಿಂದ ಅದು ಕಷ್ಟ. ಹಿಂದೆ ಇನ್ನೆರಡು ಬೆರಳು ಆಸರೆಗೆ ಬೇಕು, ಮಣಿಕಟ್ಟು ತಿರುಗಬೇಕು.

ಎಳೆದು ನಿಂತಮೇಲೆ ವೈಬ್ರಾಟೊ, ಅಂದರೆ ಸ್ವರದ ಅಲುಗಾಟ, ಕೇಳಿ. ಬೆಂಡ್ ಮೇಲಿನ ವೈಬ್ರಾಟೊ ಗುರಿಯ ಸ್ವರದಿಂದ ಕೆಳಗಿಳಿದು ಮತ್ತೆ ಅಲ್ಲಿಗೇ ಏರಬೇಕು. ಪ್ರತಿ ಸಲವೂ ಅದೇ ಜಾಗಕ್ಕೆ ಮರಳುವವರು ಕಡಿಮೆ. ಬಿ.ಬಿ. ಕಿಂಗ್ ಮರಳುತ್ತಾರೆ. ಅವರ ಒಂದೇ ಒಂದು ಸ್ವರ ಕೇಳಿ ಹೆಸರು ಹೇಳಬಹುದು ಅನ್ನುವುದು ಇದಕ್ಕೇ.

ಒಂದು ಎಚ್ಚರ. ಬ್ಲೂಸ್‌ನಲ್ಲಿ ಮೈನರ್ ಗಾಂಧಾರವನ್ನು ಬೇಕೆಂದೇ ಸ್ವಲ್ಪ ಮೇಲೆಳೆದು, ಎರಡು ಫ್ರೆಟ್‌ಗಳ ನಡುವೆ ಬಿಡುತ್ತಾರೆ. ಟ್ಯೂನರ್ ಆ್ಯಪ್ ಅದನ್ನು ತಪ್ಪು ಅನ್ನುತ್ತದೆ. ತೋಡಿಯ ಗಾಂಧಾರವನ್ನು ಹಾರ್ಮೋನಿಯಂ ಮನೆಯಿಂದ ಅಳೆಯಲು ಹೊರಟ ಹಾಗೆ ಅದು. ಅಲ್ಲಿ ಕಿವಿಯನ್ನು ನಂಬಿ, ಆ್ಯಪನ್ನಲ್ಲ.

ತಂತಿಯ ದಪ್ಪವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅನ್ಯಾಯವಾಗುತ್ತದೆ. 25.5 ಇಂಚು ಉದ್ದದ ಫೆಂಡರ್ ಅಳತೆಯಲ್ಲಿ .009 ಇಂಚು ದಪ್ಪದ ಮೊದಲ ತಂತಿಗೆ ಸುಮಾರು 6 ಕೆಜಿ ಬಿಗಿ, .010ಕ್ಕೆ 7.3 ಕೆಜಿ. ಸ್ಟೀವಿ ರೇ ವಾನ್ ಬಳಸುತ್ತಿದ್ದ .013ಕ್ಕೆ ಹನ್ನೆರಡೂವರೆ ಕೆಜಿಯ ಹತ್ತಿರ. ಒಂದು ಫ್ರೆಟ್ ಇಳಿಸಿದ್ದರಿಂದ ಶೇಕಡ 11 ಕಡಿಮೆಯಾಗಿ 11 ಕೆಜಿ. ಆಗಲೂ .009ರ ಹತ್ತಿರ ಹತ್ತಿರ ಎರಡು ಪಟ್ಟು. ಇನ್ನೂ ಹಿಂದೆ ಹೋದರೆ ಮೂರನೇ ತಂತಿಯೇ ಮೇಲೆ ಲೋಹದ ಎಳೆ ಸುತ್ತಿದ ದಪ್ಪ ತಂತಿ, ಅದನ್ನು ಎರಡು ಫ್ರೆಟ್ ಎಳೆಯುವುದು ಹೆಚ್ಚುಕಡಿಮೆ ಆಗದ ಮಾತು. 1939ರಲ್ಲಿ ಜಾಝ್ ಮುಖಂಡ ಬೆನ್ನಿ ಗುಡ್‌ಮನ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಬೆಂಡ್ ಮಾಡಲಿಲ್ಲ ಎಂದು ಅಂಕ ಕಳೆಯಬಾರದು. ಆತನ ಮುಂದಿದ್ದ ತೊಡಕೇ ಬೇರೆ, ಕಹಳೆಗಳ ನಡುವೆ ಗಿಟಾರ್ ಕೇಳಿಸುವುದು. ಅದಕ್ಕೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಇದ್ದ ಗಿಟಾರ್ ಹಿಡಿದರು. ನಮ್ಮ ತಿರುಮಕೂಡಲಿನ ಪಿಟೀಲು ಚೌಡಯ್ಯನವರು ಮೈಕ್ ಇಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು 4ರ ಬದಲು 7 ತಂತಿ ಕಟ್ಟಿದ್ದೂ ಅದೇ ತೊಡಕಿಗೆ.

ಈ ಪರೀಕ್ಷೆಯ ಪ್ರಕಾರ ನನ್ನ ಪಟ್ಟಿಯಲ್ಲಿ ಮೊದಲನೆಯವರು ಜೆಫ್ ಬೆಕ್. 1989ರ ‘ವೇರ್ ವರ್ ಯು’ ಕೇಳಿ. ತಂತಿಯನ್ನು ಒತ್ತದೆ ಬರೀ ಮುಟ್ಟಿ ಹಾರ್ಮೋನಿಕ್ ಒಂದನ್ನು ಹುಟ್ಟಿಸಿ, ತಂತಿಗಳ ಕುದುರೆಯಾದ ಬ್ರಿಜ್‌ಗೆ ಸೇರಿದ ಕಂಬಿಯನ್ನು ಒತ್ತಿ ಎತ್ತಿ ರಾಗ ಹಾಡಿಸಿದ್ದಾರೆ. ಬೆರಳಿಗೆ ದಾರಿ ತೋರಿಸಲು ಫ್ರೆಟ್ಟೇ ಇಲ್ಲ, ಬರೀ ಕಿವಿ. ಇದನ್ನು ಮನೆಯಲ್ಲಿ ಪ್ರಯತ್ನಿಸುವವರಿಗೆ ಕಾಡುವುದು, ಕುತ್ತಿಗೆಯ ತುದಿಯಲ್ಲಿ ತಂತಿಗಳನ್ನು ಹೊತ್ತ ನಟ್‌ನ ಗೀರಿನಲ್ಲಿ ತಂತಿ ಸಿಕ್ಕಿಕೊಳ್ಳುವುದು. ಕಂಬಿ ಬಿಟ್ಟಮೇಲೆ ತಂತಿ ಹಳೆಯ ಶ್ರುತಿಗೆ ಮರಳುವುದಿಲ್ಲ. ಬೆಕ್ ರೋಲರ್ ನಟ್ ಹಾಕಿಸಿಕೊಂಡಿದ್ದು ಅದಕ್ಕೆ. ನಾವು ಗೀರಿಗೆ ಪೆನ್ಸಿಲ್ ಸೀಸದ ಪುಡಿ ಹಚ್ಚಿದರೂ ಅರ್ಧ ತೊಂದರೆ ಕಳೆಯುತ್ತದೆ.

ಎರಡನೆಯವರು ಬಿ.ಬಿ. ಕಿಂಗ್. ಮೂರನೆಯದು, ಪತ್ರಿಕೆಗಳ ಪಟ್ಟಿಯಲ್ಲಿ ಹುಡುಕಬೇಕಾದ ಹೆಸರು, ವಿಶ್ವಮೋಹನ ಭಟ್ಟ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಉಕ್ಕಿನ ಸರಳಿನಿಂದ ಜಾರಿಸುವವರಿಗೆ ಫ್ರೆಟ್‌ನ ಆಸರೆಯೂ ಇಲ್ಲ, ನೆಪವೂ ಇಲ್ಲ. ರೈ ಕೂಡರ್ ಜೊತೆಗಿನ ಧ್ವನಿಸುರುಳಿಗೆ 1994ರಲ್ಲಿ ಗ್ರ್ಯಾಮಿ ಬಂತು. ಜಾನ್ ಮೆಕ್‌ಲಾಫ್ಲಿನ್‌ರನ್ನು ಪಕ್ಕದಲ್ಲೇ ಇಡುತ್ತೇನೆ: ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತು, ಭಾರತೀಯ ಸಂಗೀತವನ್ನೂ ಜಾಝನ್ನೂ ಬೆಸೆದ ತಮ್ಮ ಶಕ್ತಿ ತಂಡಕ್ಕಾಗಿ ಫ್ರೆಟ್‌ಗಳ ನಡುವಿನ ಮರವನ್ನು ಬಟ್ಟಲಿನಂತೆ ಕೆತ್ತಿಸಿದ ಗಿಟಾರ್ ಮಾಡಿಸಿಕೊಂಡರು. ಬೆರಳು ಮರಕ್ಕೆ ತಾಗದಿದ್ದರೆ ತಂತಿಯನ್ನು ಸರಾಗ ಎಳೆಯಬಹುದು. ಮೇಣದ ಮೇಲೆ ಎತ್ತರಕ್ಕೆ ಕೂತ ವೀಣೆಯ ಮೆಟ್ಟಿಲುಗಳಿಂದ ಆಗುವುದೂ ಅದೇ. ಆದರೆ ಇಂಥ ಗಿಟಾರಿನಲ್ಲಿ ಬೆರಳು ಸ್ವಲ್ಪ ಜಾಸ್ತಿ ಒತ್ತಿದರೂ ಸ್ವರ ಏರಿಬಿಡುತ್ತದೆ.

ಹೆಂಡ್ರಿಕ್ಸ್ ಎಲ್ಲಿ ಅಂತ ಕೇಳುತ್ತೀರಿ. ನನ್ನ ಪರೀಕ್ಷೆ ಸೋಲುವುದು ಅಲ್ಲೇ. 1967ರ ‘ಲಿಟಲ್ ವಿಂಗ್’ನಲ್ಲಿ ಹೆಬ್ಬೆರಳು ಮೇಲಿಂದ ಬಂದು 6ನೇ ತಂತಿಯ ಮಂದ್ರ ಹಿಡಿದಿದೆ, ಉಳಿದ ಬೆರಳುಗಳು ಸ್ವರಗಳ ಗುಚ್ಛವಾದ ಕಾರ್ಡ್‌ನ ಚೂರುಗಳ ನಡುವೆ ರಾಗ ಹೆಣೆಯುತ್ತಿವೆ. ಇದನ್ನು ಬೆಂಡ್ ಕೇಳಿ ಅಳೆಯಲು ಆಗುವುದಿಲ್ಲ. ಡಿಸ್ಕೊ ತಂಡ ಶಿಕ್‌ನ ನೈಲ್ ರಾಜರ್ಸ್ ಕೂಡ ನನ್ನ ಜರಡಿಯಲ್ಲಿ ಪೂರ್ತಿ ಸೋರಿಹೋಗುತ್ತಾರೆ. ಅವರಿಗೆ ಶ್ರುತಿಪೆಟ್ಟಿಗೆ ಪಕ್ಕಕ್ಕಿಟ್ಟು ತಾಳ ಹಾಕಬೇಕು. 1979ರ ‘ಗುಡ್ ಟೈಮ್ಸ್’ ಹಾಕಿ, ಬಡಿತಕ್ಕೆ ನಾಲ್ಕು ಮಾತ್ರೆಯಂತೆ ‘ತಕಧಿಮಿ’ ಹೇಳಿಕೊಳ್ಳಿ. ನಿಮಿಷಕ್ಕೆ ಸುಮಾರು 110 ಬಡಿತ ಅಂದರೆ ಬಲಗೈ ಮೇಲೆ ಕೆಳಗೆ ಆಡುತ್ತ ಸೆಕೆಂಡಿಗೆ ಸುಮಾರು 7 ಹೊಡೆತ ಹಾಕುತ್ತಿದೆ, ಒಮ್ಮೆಯೂ ನಿಲ್ಲದೆ. ಯಾವ ಹೊಡೆತ ನುಡಿಯಬೇಕು, ಯಾವುದು ಬರೀ ಚುಕ್ ಎನ್ನಬೇಕು ಅನ್ನುವುದನ್ನು ಎಡಗೈ ಬೆರಳುಗಳು ತಂತಿಯ ಮೇಲೆ ಸಡಿಲಾಗಿ ಕೂತು ತೀರ್ಮಾನಿಸುತ್ತವೆ. ವೇಗದ ಸೋಲೊ ನುಡಿಸುವವರೊಬ್ಬರ ಕೈಗೆ ಇದನ್ನು ಕೊಟ್ಟು, ಹಾಡು ಮುಗಿಯುವವರೆಗೆ ಲಯ ಜಾರದೆ ಹಿಡಿಯಲು ಹೇಳಿ. ಸಾಮಾನ್ಯವಾಗಿ ಎರಡನೇ ನಿಮಿಷದಲ್ಲಿ ಮುಂಗೈ ಬಿಗಿದುಕೊಂಡು ಹೊಡೆತಗಳು ಮುಂದಕ್ಕೆ ಓಡತೊಡಗುತ್ತವೆ.