ರಾತ್ರಿ ಶಿಳ್ಳೆ ಹಾಕಬಾರದು

ಡಿಸೆಂಬರ್ 21, 2024, ಶನಿವಾರ
ನಿಶಿಕಸಾಯ್, ಟೋಕಿಯೊ

ಗಂಟಲು ಕಟ್ಟಿದೆ. ಬೆಳಗ್ಗೆ ಅಮ್ಮ ಫೋನ್ ಮಾಡಿದವಳು "ಶೀತಾನಾ? ಮೆಣಸಿನ ಕಷಾಯ ಮಾಡ್ಕೊಂಡು ಕುಡಿ" ಅಂದಳು. "ಶೀತ ಅಲ್ಲಮ್ಮ, ನಿನ್ನೆ ರಾತ್ರಿ ಹಾಡಿದ್ದು" ಅಂದೆ. "ನೀನಾ?" ಅಂದವಳು ಆಮೇಲೆ ಎರಡು ಸೆಕೆಂಡು ಮಾತೇ ಆಡಲಿಲ್ಲ.

ನಿನ್ನೆ ಆಫೀಸಿನ ಬೋನೆನ್‌ಕಾಯ್. ಮುಗಿಯುತ್ತಿರುವ ವರ್ಷವನ್ನು ಮರೆಯೋಕೆ ಅಂತಲೇ ಡಿಸೆಂಬರಿನಲ್ಲಿ ಎಲ್ಲರೂ ಸೇರಿ ತಿಂದು ಕುಡಿಯುವ ಕೂಟ. ಅದು ಮುಗಿದ ಮೇಲೆ ನಿಜಿಕಾಯ್, ಅಂದರೆ ಎರಡನೇ ಸುತ್ತು. ನಮ್ಮ ಗುಂಪಿನಲ್ಲಿ ಎರಡನೇ ಸುತ್ತು ಅಂದರೆ ಕರೋಕೆಯೇ. ಹೋದ ವರ್ಷ ನಾನು ತಲೆನೋವು ಅಂತ ಸುಳ್ಳು ಹೇಳಿ ರೈಲು ಹತ್ತಿದ್ದೆ. ಅದರ ಹಿಂದಿನ ವರ್ಷದ ಅವಮಾನ ಮರೆತಿರಲಿಲ್ಲ. ಪರದೆಯ ಮೇಲೆ ಸಾಲು ಬರುತ್ತೆ, ಅಕ್ಷರಕ್ಕೆ ಬಣ್ಣ ತುಂಬಿಕೊಳ್ಳುತ್ತಾ ಓಡುತ್ತೆ. ಕಾಂಜಿಯ, ಅಂದರೆ ಚೀನಾ ಮೂಲದ ಚಿತ್ರಾಕ್ಷರದ, ನೆತ್ತಿಯ ಮೇಲೆ ಉಚ್ಚಾರ ತೋರಿಸುವ ಹಿರಾಗಾನ ಅಕ್ಷರ ಪುಟ್ಟದಾಗಿ ಇರುತ್ತದೆ ನಿಜ. ನಾನು ಅದನ್ನು ಕೂಡಿಸಿ ಓದುವಷ್ಟರಲ್ಲಿ ಹಾಡು ಎರಡನೇ ಚರಣ ಮುಗಿಸಿತ್ತು.

ಈ ಸಲ ಚೀಟಿ ಮಾಡಿಕೊಂಡು ಹೋಗಿದ್ದೆ. ಹಾಡನ್ನು ಪೂರ್ತಿ ಕನ್ನಡದಲ್ಲಿ ಬರೆದ ಚೀಟಿ.

ಇದನ್ನು ಯಾಕೆ ಮೊದಲೇ ಮಾಡಲಿಲ್ಲವೋ! ಜಪಾನಿ ಮಾತು ನಮ್ಮ ಲಿಪಿಗೆ ಹೇಳಿ ಮಾಡಿಸಿದ ಹಾಗಿದೆ. ಹೆಚ್ಚಿನ ಪದಗಳು ಸ್ವರದಲ್ಲೇ ಮುಗಿಯುತ್ತವೆ. ಹ್ರಸ್ವ, ದೀರ್ಘ ತಪ್ಪಿದರೆ ಅರ್ಥವೇ ಬದಲು. ಕೊಕೊ ಅಂದರೆ ‘ಇಲ್ಲಿ’, ಕೋಕೋ ಅಂದರೆ ಹೈಸ್ಕೂಲು. ನಮಗೆ ಎ-ಏ, ಒ-ಓ ಎರಡೂ ಇವೆ ಅಲ್ವಾ? ನನ್ನ ಪಕ್ಕ ಕೂರುವ ಹಿಂದಿಯವಳು ತನ್ನ ಲಿಪಿಯಲ್ಲಿ ಬರೆಯೋಕೆ ಹೋಗಿ, ಹ್ರಸ್ವ ಒಕಾರ ಸಿಗದೆ ಕೈಬಿಟ್ಟಳು. ಸುಮ್ನೆ ಹೇಳಬಾರದು, ನನಗೆ ಸ್ವಲ್ಪ ಜಂಬ ಬಂತು.

ಜಾಗ ಮೊನ್ಜೆನ್-ನಾಕಾಚೋ. ನಿಶಿಕಸಾಯ್‌ಗೆ ತೋಜಾಯ್ ಲೈನಿನಲ್ಲಿ ನಾಲ್ಕನೇ ಸ್ಟೇಷನ್, ಕೊನೆ ರೈಲಿನ ಚಿಂತೆ ಕಡಿಮೆ. ಆರು ಜನರ ರೂಮಿನಲ್ಲಿ ಒಂಬತ್ತು ಜನ ತುರುಕಿಕೊಂಡು ಕೂತೆವು.

ಹಳೇ ಹಿಟ್ ಹಾಡುಗಳಿಗೆ ಇಲ್ಲಿ ನಾತ್ಸುಮೆರೊ ಅನ್ನುತ್ತಾರೆ. ಹಾಡು ಹುಡುಕುವ ಟಚ್ ಪ್ಯಾನೆಲ್ಲಿನಲ್ಲಿ ಕಾಲದ ಪ್ರಕಾರವೂ ಹುಡುಕಬಹುದು. ಯಾರು ಯಾವ ಹಾಡು ಒತ್ತಿದರು ಅಂತ ನೋಡಿದರೆ ಸಾಕು, ಅವರ ವಯಸ್ಸು ಕೇಳುವುದೇ ಬೇಡ. ನಮ್ಮ ಬುಚೋಗೆ, ಅಂದರೆ ವಿಭಾಗದ ಮುಖ್ಯಸ್ಥರಿಗೆ, ಐವತ್ತೆಂಟು. ಅವರದ್ದು ಸೇಕೋ ಮಾತ್ಸುದಾ 1982ರಲ್ಲಿ ಹಾಡಿದ ‘ಅಕಾಯ್ ಸ್ವೀಟ್‌ಪೀ’. ಪರಿಚಯವಾಗಿ ಅರ್ಧ ವರ್ಷವಾದರೂ ಕೈ ಕೂಡ ಹಿಡಿಯದ ಹುಡುಗನ ಬಗ್ಗೆ ಹುಡುಗಿ ಹಾಡುವ ಹಾಡು. ಸೋಮವಾರದ ಮೀಟಿಂಗಿನಲ್ಲಿ ನಮ್ಮ ಬೆವರಿಳಿಸುವ ಮನುಷ್ಯ ಟೈ ಸಡಿಲ ಮಾಡಿಕೊಂಡು, ಶ್ರುತಿ ಮೂರು ಮೆಟ್ಟಿಲು ಇಳಿಸಿ, ಕಣ್ಣು ಮುಚ್ಚಿ ಅದನ್ನು ಹಾಡಿದರು. 1982ರಲ್ಲಿ ಅವರಿಗೆ ಹದಿನಾರು. ಯಾರೂ ನಗಲಿಲ್ಲ. ನಾನೂ ನಗಲಿಲ್ಲ, ಕಷ್ಟಪಟ್ಟು.

ಆಮೇಲೆ ಇಪ್ಪತ್ತೈದರ ಹುಡುಗಿ ಎದ್ದಳು. ಹೊಸ ಹಾಡು ಬರುತ್ತೆ ಅಂದುಕೊಂಡೆ. ಹಾಡಿದ್ದು ‘ಮಯೋನಾಕಾ ನೊ ಡೋರ್’, 1979ರದ್ದು! ಮಿಕಿ ಮಾತ್ಸುಬಾರಾ ಅನ್ನುವ ಗಾಯಕಿಯ ಮೊದಲ ಹಾಡು. ಆಕೆ 2004ರಲ್ಲಿ ನಲವತ್ತನಾಲ್ಕಕ್ಕೇ ತೀರಿಕೊಂಡರು. 2020ರಲ್ಲಿ ಆ ಹಾಡು ಫೋನಿಂದ ಫೋನಿಗೆ ಹಾರಿ ಪ್ರಪಂಚವೆಲ್ಲಾ ಸುತ್ತಿತು, ನೋಡೋಕೆ ಆಕೆಯೇ ಇರಲಿಲ್ಲ. ಬುಚೋ ಪಕ್ಕದವರ ಕಿವಿಯಲ್ಲಿ "ಇದು ನಮ್ಮ ಕಾಲದ್ದು, ಇವಳಿಗೆ ಹೇಗೆ ಗೊತ್ತು?" ಅಂತ ಕೇಳುತ್ತಿದ್ದರು. ತಮ್ಮದೇನೋ ಕಳವಾದ ಹಾಗಿತ್ತು ಮುಖ.

ನನಗೆ ತುಂಬಾ ಹಿಡಿಸಿದ್ದು ಲೆಕ್ಕಪತ್ರ ವಿಭಾಗದ ಹಿರಿಯಾಕೆ ಹಾಡಿದ್ದು. ಅವರ ಊರು ಉತ್ತರದ ಹೊಕ್ಕಾಯ್ಡೊ ದ್ವೀಪದ ಹಾಕೊದಾತೆ. ಸಾಯುರಿ ಇಶಿಕಾವಾ 1977ರಲ್ಲಿ ಹಾಡಿದ ‘ತ್ಸುಗಾರು ಕಾಯ್ಕ್ಯೋ ಫುಯುಗೇಶಿಕಿ’ ಒತ್ತಿದರು, ತ್ಸುಗಾರು ಜಲಸಂಧಿಯ ಚಳಿಗಾಲದ ನೋಟ ಅಂತ ಅರ್ಥ. ಟೋಕಿಯೊದ ಉಎನೊದಿಂದ ರಾತ್ರಿ ರೈಲು, ಅಓಮೊರಿಯಲ್ಲಿ ಇಳಿದರೆ ಹಿಮ, ಅಲ್ಲಿಂದ ಹಡಗಿನಲ್ಲಿ ಜಲಸಂಧಿ ದಾಟುವ ಒಂಟಿ ಹೆಂಗಸು. 1988ರಲ್ಲಿ ಸಮುದ್ರದಡಿ ಸುರಂಗ ತೆರೆದ ಮೇಲೆ ಆ ರೈಲ್ವೆ ಹಡಗುಗಳು ನಿಂತುಹೋದವು. "ಹೆಚ್ಚೂಕಡಿಮೆ ನಾಲ್ಕು ಗಂಟೆ ಪ್ರಯಾಣ, ಕಾಲೇಜಿನಿಂದ ರಜಕ್ಕೆ ಹೋಗುವಾಗೆಲ್ಲ ವಾಂತಿ" ಅಂದರು ಮೈಕ್ ಹಿಡಿದುಕೊಂಡೇ. ಆಮೇಲೆ ಶುರು ಮಾಡಿದರು ನೋಡಿ! ಎನ್ಕಾ ಅನ್ನುವ ಜಪಾನಿನ ವಿರಹದ ಹಾಡುಗಳ ಶೈಲಿಯಲ್ಲಿ ಸ್ವರವನ್ನು ತಿರುಚಿ ಬಳುಕಿಸುವುದಕ್ಕೆ ಕೊಬುಶಿ ಅನ್ನುತ್ತಾರೆ. ನಮ್ಮ ಗಮಕದ ದೂರದ ನೆಂಟ ಅಂತಿಟ್ಟುಕೊಳ್ಳಿ. ಅಂಕ ಕೊಡುವ ಮೆಷಿನ್ ಆ ಕೊಬುಶಿಯನ್ನೂ ಎಣಿಸುತ್ತದೆ, ಹಾಡು ಮುಗಿದ ಮೇಲೆ ಇಷ್ಟು ಸಲ ಬಂತು ಅಂತ ತೋರಿಸುತ್ತದೆ. ಗಮಕಕ್ಕೂ ಬಿಲ್ ಹಾಕುವ ದೇಶ.

ಈ ಕರೋಕೆ ಅನ್ನುವ ಹೆಸರೇ ‘ಖಾಲಿ ಆರ್ಕೆಸ್ಟ್ರಾ’. ಶುರುವಿನಲ್ಲೇ ಇಂಥ ಮೆಷಿನ್ ಮಾಡಿದವರಲ್ಲಿ ಒಬ್ಬರು ಕೋಬೆಯ ಬಾರುಗಳಲ್ಲಿ ವಾದ್ಯ ನುಡಿಸುತ್ತಿದ್ದ ದಾಯ್ಸುಕೆ ಇನೊಉಎ. 1971ರಲ್ಲಿ ಹನ್ನೊಂದು ಪೆಟ್ಟಿಗೆ ಮಾಡಿ ಬಾಡಿಗೆಗೆ ಬಿಟ್ಟರು, ಪೇಟೆಂಟ್ ಮಾತ್ರ ಮಾಡಿಸಲಿಲ್ಲ. 2004ರಲ್ಲಿ ಅವರಿಗೆ ಇಗ್‌ನೊಬೆಲ್ ಶಾಂತಿ ಬಹುಮಾನ ಬಂತು, ಅದು ನೊಬೆಲ್ ಅನ್ನು ಅಣಕಿಸುವ ತಮಾಷೆಯ ಬಹುಮಾನ. ಕಾರಣ, ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳೋಕೆ ಹೊಸ ದಾರಿ ತೋರಿಸಿದ್ದು. ಆ ಸಹನೆ ನಿನ್ನೆ ನನ್ನ ಪಾಲಿಗೂ ಬೇಕಿತ್ತು. ಮುಂದಿನ ಸರದಿ ನನ್ನದು.

ನಾನು ಆರಿಸಿದ್ದು ‘ಉಎ ಒ ಮುಇತೆ ಅರುಕೋ’. ಮೇಲೆ ನೋಡುತ್ತಾ ನಡೆಯೋಣ ಅಂತ ಅರ್ಥ. ಕ್ಯೂ ಸಾಕಾಮೊತೊ ಹಾಡಿದ್ದು, 1961ರದ್ದು. ಅಮೆರಿಕದಲ್ಲಿ ‘ಸುಕಿಯಾಕಿ’ ಅಂತ ಹೆಸರಿಟ್ಟರು, 1963ರಲ್ಲಿ ಅಲ್ಲಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಮೂರು ವಾರ ನಿಂತಿತು. ಸುಕಿಯಾಕಿ ಅಂದರೆ ದನದ ಮಾಂಸದ ಅಡುಗೆ, ಹಾಡಿಗೂ ಅದಕ್ಕೂ ಸಂಬಂಧವೇ ಇಲ್ಲ. ನಮ್ಮ ಭಾವಗೀತೆಯೊಂದನ್ನು ಹೊರದೇಶದಲ್ಲಿ ‘ಬಿಸಿಬೇಳೆ ಬಾತ್’ ಅಂತ ಮಾರಿದ ಹಾಗೆ.

ರಾಗ ಕೇಳಿದರೆ ಪಿಕ್‌ನಿಕ್ಕಿಗೆ ಹೊರಟ ಹಾಗಿದೆ. ನಾನೂ ಹಾಗೇ ತಿಳಿದಿದ್ದೆ. ಚೀಟಿ ಬರೆಯುವಾಗ ಒಂದೊಂದೇ ಪದ ಬಿಡಿಸಿದಾಗ ಗೊತ್ತಾಯಿತು, ಹಾಡಿನಲ್ಲಿರುವವನು ಮೇಲೆ ನೋಡುವುದು ಕಣ್ಣೀರು ಕೆಳಗೆ ಬೀಳದಿರಲಿ ಅಂತ. ಗೊತ್ತಾದ ಮೇಲೆ ಹಾಡೋದು ಕಷ್ಟವಾಯಿತು. ನಗುಮುಖ ಇಟ್ಟುಕೊಳ್ಳಬೇಕೋ ಬೇಡವೋ ತಿಳಿಯದೆ ಚೀಟಿಯನ್ನೇ ಮುಖದ ಮುಂದೆ ಹಿಡಿದುಕೊಂಡೆ.

ತಾಳ ತಪ್ಪಲಿಲ್ಲ! ಎರಡನೇ ಸಾಲಿಗೆ ಎಲ್ಲರೂ ಸೇರಿಕೊಂಡರು, ಇಪ್ಪತ್ತೈದರ ಹುಡುಗಿ ಕೂಡ. ಆದರೆ ನಡುವೆ ಒಂದು ಕಡೆ ಮಾತಿಲ್ಲ, ಬರೀ ಶಿಳ್ಳೆ. ನನ್ನ ಚೀಟಿಯಲ್ಲಿ ಅಲ್ಲಿ ‘ಶಿಳ್ಳೆ’ ಅಂತ ಬರೆದು ಅಡಿಗೆರೆ ಎಳೆದಿದ್ದೆ. ನನಗೆ ಶಿಳ್ಳೆ ಬರಲ್ಲ. ಮೈಕ್ ಹಿಡಿದು ಪೆಚ್ಚಾಗಿ ನಿಂತಿದ್ದಾಗ ಮೂಲೆಯಿಂದ ಶಿಳ್ಳೆ ಕೇಳಿತು. ಬುಚೋ. ಒಂದು ಸ್ವರವೂ ಆಚೀಚೆ ಇಲ್ಲ.

ಮುಗಿದ ಮೇಲೆ ಅವರು ಮೆಲ್ಲಗೆ ಹೇಳಿದರು. 1985ರ ಆಗಸ್ಟ್ 12, ಹಾನೆದಾದಿಂದ ಒಸಾಕಾಗೆ ಹೊರಟ ವಿಮಾನ ಬೆಟ್ಟಕ್ಕೆ ಬಿದ್ದು 520 ಜನ ಹೋದರು. ಸಾಕಾಮೊತೊ ಅದರಲ್ಲಿದ್ದರು, ನಲವತ್ತಮೂರು ವಯಸ್ಸು. "ಟೀವಿಯಲ್ಲಿ ಹೆಸರು ಓದುತ್ತಾ ಇದ್ದರು. ಅಮ್ಮ ಅಡುಗೆಮನೆಯಿಂದ ಬಂದು ನಿಂತೇ ಕೇಳಿದಳು. ಈ ಶಿಳ್ಳೆ ನನಗೆ ಕಲಿಸಿದ್ದು ಅವಳೇ."

ರೂಮು ಒಂದು ಕ್ಷಣ ಗಪ್‌ಚಿಪ್. ಆಗ ಲೆಕ್ಕಪತ್ರದಾಕೆ ತಮ್ಮ ಗ್ಲಾಸು ಕೆಳಗಿಟ್ಟು "ರಾತ್ರಿ ಹೊತ್ತು ಶಿಳ್ಳೆ ಹಾಕಬಾರದು. ಹಾವು ಬರುತ್ತೆ" ಅಂದರು.

ನಾನು ಕೂತಲ್ಲೇ ಹಾರಿದೆ. ಸಾಗರದ ಹತ್ತಿರದ ಅಜ್ಜಿಮನೆಯ ಜಗಲಿಯಲ್ಲಿ, ಸಂಜೆಯ ದೀಪ ಹಚ್ಚಿದ ಮೇಲೆ, ಮಾವ ಶಿಳ್ಳೆ ಹಾಕಿದರೆ ಅಜ್ಜಿ ಹೇಳುತ್ತಿದ್ದ ಮಾತು ಅದೇ! "ನಮ್ಮೂರಲ್ಲೂ ಹಾವೇ ಬರೋದು" ಅಂದೆ. ಎಲ್ಲರೂ ನಕ್ಕರು. ಅಷ್ಟರಲ್ಲಿ ಗೋಡೆಯ ಫೋನ್ ರಿಂಗಾಯಿತು. ಹಾವಲ್ಲ, ಕೌಂಟರಿನ ಹುಡುಗ. ಇನ್ನು ಹತ್ತೇ ನಿಮಿಷವಂತೆ.

ಇವತ್ತು ತೋಜಿ, ವರ್ಷದ ಅತಿ ಚಿಕ್ಕ ಹಗಲು. ಅಂಗಡಿಯಿಂದ ನಿಂಬೆಯ ಜಾತಿಯ ಎರಡು ಯುಝು ಹಣ್ಣು ತಂದು ಇಲ್ಲಿಯವರ ಹಾಗೆ ಸ್ನಾನದ ತೊಟ್ಟಿಯಲ್ಲಿ ತೇಲಿಬಿಟ್ಟೆ. ಕತ್ತಿನವರೆಗೆ ಬಿಸಿನೀರಿನಲ್ಲಿ ಕೂತು ತುಟಿ ಚೂಪು ಮಾಡಿ ಊದಿದೆ. ಬರೀ ಗಾಳಿ. ಇನ್ನೊಮ್ಮೆ ಊದಿದೆ, ಒಂದು ಕೀರಲು ಸದ್ದು ಬಂತು. ಗಡಿಯಾರ ನೋಡಿದೆ. ನಾಲ್ಕು ಇಪ್ಪತ್ತು. ನಾಲ್ಕೂವರೆಗೆ ಇಲ್ಲಿ ಸೂರ್ಯ ಮುಳುಗುತ್ತಾನೆ. ಇನ್ನೂ ಹತ್ತು ನಿಮಿಷ ಇತ್ತು.