ಮಳೆಗೆ ಅಂಜುವ ಜರೇನಿಯಂ

10 ನವೆಂಬರ್ 2024, ಭಾನುವಾರ
ಧಾರವಾಡ

ವಿಶಾಖ ಮಳೆ ಕೂಡಿ ಕೆಲವು ದಿನಗಳಾದವು. ದೀಪಾವಳಿ ಮುಗಿದಿದೆ, ಎರೆ ಹೊಲಗಳಲ್ಲಿ ಹಿಂಗಾರಿ ಕಡಲೆ ಎದ್ದಿದೆ, ಬೆಳಗಿನ ಗಾಳಿಗೆ ತಂಪು ಬಂದಿದೆ. ಕುಂಡದ ಹೂಗಿಡ ಜರೇನಿಯಂನ ಕೆಲಸಕ್ಕೆ ನಮ್ಮ ಭಾಗದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಕಡ್ಡಿ ಊರುವುದು, ಕುಂಡ ಬದಲಿಸುವುದು, ನರ್ಸರಿಯಿಂದ ತಂದ ಗಿಡ ಇಳಿಸುವುದು ಎಲ್ಲವೂ ಡಿಸೆಂಬರ್ ನಡುವಿನೊಳಗೆ ಮುಗಿಯಬೇಕು. ಆಗ ಸಂಕ್ರಾಂತಿಯ ಸುಮಾರಿಗೆ ಹೂವು ಶುರುವಾಗಿ ಮಾರ್ಚ್‌ವರೆಗೆ ನಡೆಯುತ್ತದೆ.

ಪರದೇಶದ ತೋಟದವರು ‘ಹಾರ್ಡಿ’ ಎಂದು ಕರೆಯುವ ಜರೇನಿಯಂ ಹಿಮ ಬಿದ್ದ ನೆಲದೊಳಗೂ ಬೇರು ಉಳಿಸಿಕೊಂಡು ವಸಂತದಲ್ಲಿ ಮತ್ತೆ ಚಿಗುರುತ್ತದೆ. ಆ ಗಟ್ಟಿತನ ಚಳಿಯ ಲೆಕ್ಕದ್ದು. ಧಾರವಾಡದ ಚಳಿ ಯಾವ ಜರೇನಿಯಂಗೂ ಅಪಾಯವಲ್ಲ, ಹೂವಿಗೆ ಅದು ಬೇಕೇ ಬೇಕು. ಇಲ್ಲಿ ಗಿಡ ಸಾಯುವುದು ಮುಂಗಾರಿನಲ್ಲಿ ಬೇರಿನ ಸುತ್ತ ನಿಂತ ನೀರಿಗೆ, ಅದಕ್ಕೂ ಮೊದಲು ಏಪ್ರಿಲ್, ಮೇ ತಿಂಗಳ ಬಿಸಿ ರಾತ್ರಿಗಳಿಗೆ. ಹಾಗಾಗಿ ಬೀಜದ ಪೊಟ್ಟಣದ ಮೇಲೆ ‘ಮೈನಸ್ 20 ಡಿಗ್ರಿ ತಾಳುತ್ತದೆ’ ಎಂದಿದ್ದರೆ ಹುಬ್ಬಳ್ಳಿ, ಗದಗ, ಹಾವೇರಿಯವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಬುಡದಲ್ಲಿ ನೀರು ನಿಲ್ಲದಂತೆ ಗಿಡ ಇಡಬಲ್ಲಿರಾ ಎಂಬುದೊಂದೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಗಿಡ ಕೊಳ್ಳುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮ ನರ್ಸರಿಗಳಲ್ಲಿ ಜರೇನಿಯಂ ಎಂದು ಕೊಡುವುದೆಲ್ಲ ಸಾಮಾನ್ಯವಾಗಿ ಪೆಲಾರ್ಗೋನಿಯಂ, ಹೆಚ್ಚಿನವು ದಕ್ಷಿಣ ಆಫ್ರಿಕಾ ಮೂಲದವು. ಗಿಡಗಳಿಗೆ ಶಾಸ್ತ್ರೀಯ ಹೆಸರಿಟ್ಟ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಎರಡನ್ನೂ ಒಂದೇ ಕುಲದಲ್ಲಿ ಇಟ್ಟಿದ್ದ. 1789ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಲೆರಿಟಿಯೇ ಅವುಗಳನ್ನು ಬೇರೆ ಮಾಡಿದ, ಆದರೆ ಮಾರುಕಟ್ಟೆಯ ಹೆಸರು ಬದಲಾಗಲಿಲ್ಲ. ಗುರುತು ಹಿಡಿಯಲು ಹೂವು ನೋಡಿದರೆ ಸಾಕು. ನಿಜವಾದ ಜರೇನಿಯಂನಲ್ಲಿ ಐದು ಎಸಳೂ ಒಂದೇ ಅಳತೆ, ಸುತ್ತಲೂ ಸಮ. ಪೆಲಾರ್ಗೋನಿಯಂನಲ್ಲಿ ಮೇಲಿನ ಎರಡು ಎಸಳು ಕೆಳಗಿನ ಮೂರಕ್ಕಿಂತ ಆಕಾರದಲ್ಲೋ ಗೆರೆಯಲ್ಲೋ ಬೇರೆಯಾಗಿರುತ್ತವೆ. ಕಾಯಿ ಎರಡರಲ್ಲೂ ಕೊಕ್ಕಿನಂತೆ ಚೂಪು. ಜರೇನಿಯಂ ಕಾಯಿ ಒಣಗಿದಾಗ ಸಿಡಿದು ಬೀಜವನ್ನು ದೂರ ಎಸೆಯುತ್ತದೆ, ಪೆಲಾರ್ಗೋನಿಯಂ ಬೀಜಕ್ಕೆ ಗಾಳಿಯಲ್ಲಿ ತೇಲಲು ನಯವಾದ ರೋಮದ ಬಾಲ ಇರುತ್ತದೆ.

ಹೊಸದಾಗಿ ಶುರು ಮಾಡುವವರು ಪೆಲಾರ್ಗೋನಿಯಂ ಹಿಡಿಯಲಿ. ಎಲೆಯ ಮೇಲೆ ಕಂದು ಬಳೆ ಇರುವ ಝೋನಲ್ ಜಾತಿ ಇಲ್ಲಿ ಎಲ್ಲಕ್ಕಿಂತ ಸುಲಭ. ಎಲೆ ತಿಕ್ಕಿದರೆ ಗುಲಾಬಿ ವಾಸನೆ ಬರುವ ಪೆಲಾರ್ಗೋನಿಯಂ ಗ್ರೇವಿಯೋಲೆನ್ಸ್ ಅದಕ್ಕಿಂತಲೂ ಗಟ್ಟಿ, ಹೂವು ಮಾತ್ರ ಸಣ್ಣದು. ಇದು ಮನೆಯಲ್ಲಿದ್ದರೆ ಸೊಳ್ಳೆ ಬರುವುದಿಲ್ಲ ಎಂದು ಹೇಳಿ ಮಾರುತ್ತಾರೆ. ಕುಂಡದಲ್ಲಿ ಸುಮ್ಮನೆ ನಿಂತ ಗಿಡದಿಂದ ಸೊಳ್ಳೆ ಓಡುವುದಿಲ್ಲ. ತೂಗುಕುಂಡಕ್ಕೆ ಬಳ್ಳಿ ಜರೇನಿಯಂ ಚೆಂದ, ಆದರೆ ಅದಕ್ಕೆ ನೀರಿನ ಹದ ಇನ್ನೂ ಬಿಗಿಯಾಗಿರಬೇಕು. ದೊಡ್ಡ ಮಚ್ಚೆಯ ಹೂವಿನ ರೀಗಲ್ ಜಾತಿಗೆ ಮೊಗ್ಗು ಕಟ್ಟಲು ಕೆಲವು ವಾರ 15 ಡಿಗ್ರಿಗಿಂತ ತಂಪಾದ ರಾತ್ರಿ ಬೇಕು. ಧಾರವಾಡದ ಡಿಸೆಂಬರ್, ಜನವರಿಯಲ್ಲಿ ಅದು ಅಂಚಿನಲ್ಲಿ ಸಿಗುತ್ತದೆ. ಬಯಲಿಗೆ ತೆರೆದ ಮಾಳಿಗೆಯ ಮೇಲೆ ರಾತ್ರಿ ಇಟ್ಟರೆ ಹೂವು ಬಂದೀತು, ಗೋಡೆಗಳ ನಡುವೆ ಇಟ್ಟರೆ ಬರೀ ಎಲೆ.

ನಿಜವಾದ ಜರೇನಿಯಂ ಬೇಕೆನ್ನುವವರಿಗೆ ಜೆರೇನಿಯಂ ಸ್ಯಾಂಗ್ವಿನಿಯಂ ಸೂಕ್ತ. ಬಿಸಿಲು, ಬರ ಎರಡನ್ನೂ ಅದು ತಕ್ಕಮಟ್ಟಿಗೆ ತಾಳುತ್ತದೆ. ಎಲ್ಲರೂ ಆಸೆಪಡುವ ನೀಲಿ ‘ರೊಜ಼ಾನ್’ 2008ರಲ್ಲಿ ಅಮೆರಿಕದಲ್ಲಿ ವರ್ಷದ ಬಹುವಾರ್ಷಿಕ ಗಿಡ ಎನಿಸಿಕೊಂಡದ್ದು. ಅದರ ತಾಯಿ-ತಂದೆ ಎರಡೂ ನಮ್ಮ ಹಿಮಾಲಯದ ಜಾತಿಗಳು, ಹಿಮಾಲಯೆನ್ಸ್ ಮತ್ತು ವಾಲಿಚಿಯಾನಂ. ಆದರೆ ರೊಜ಼ಾನ್ ಬೀಜ ಕಟ್ಟುವುದಿಲ್ಲ, ಗಡ್ಡೆ ಸೀಳಿ ಅಥವಾ ಕಡ್ಡಿಯಿಂದಲೇ ಅದರ ವಂಶ ಬೆಳೆಯಬೇಕು. ಆನ್‌ಲೈನ್‌ನಲ್ಲಿ ‘ರೊಜ಼ಾನ್ ಬೀಜ’ ಎಂದು ಕಂಡರೆ ದುಡ್ಡು ಹಾಕಬೇಡಿ. ಅಚ್ಚ ನೀಲಿ ಹೂವಿನ ಝೋನಲ್ ಬೀಜವೂ ಅಷ್ಟೇ ಸುಳ್ಳು, ಪೆಲಾರ್ಗೋನಿಯಂನಲ್ಲಿ ಆ ಬಣ್ಣವೇ ಇಲ್ಲ.

ಈಗ ಮಣ್ಣು. ನಮ್ಮ ಕಡೆ ಸಾಯುವ ಜರೇನಿಯಂಗಳಲ್ಲಿ ಹೆಚ್ಚಿನವು ಮಣ್ಣಿನಿಂದಲೇ ಸಾಯುತ್ತವೆ. ಹುಬ್ಬಳ್ಳಿಯಿಂದ ಮೂಡಲಕ್ಕೆ ನವಲಗುಂದ, ಗದಗಿನ ಕಡೆ ಎರೆಮಣ್ಣು. ಹಸಿಯಾದಾಗ ಉಬ್ಬಿ ರಂಧ್ರ ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಬಿರುಕು ಬಿಟ್ಟು ಸಣ್ಣ ಬೇರುಗಳನ್ನು ಹರಿಯುತ್ತದೆ. ಕುಂಡಕ್ಕೆ ಅದನ್ನು ಒಂದು ಹಿಡಿಯೂ ಹಾಕಬೇಡಿ. ಧಾರವಾಡದ ಪಡುವಲ ಬದಿಯ ಮಸಾರಿ, ಅಂದರೆ ಕೆಂಪು ಮಣ್ಣು ಬೇಕು. ಗುರುತು ಸಿಗದಿದ್ದರೆ ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ನೋಡಿ. ತೆಳ್ಳಗಿನ ಬತ್ತಿಯಾಗಿ ಮುರಿಯದೆ ನಿಂತರೆ ಜೇಡಿ ಹೆಚ್ಚು, ಬತ್ತಿಯಾಗುವಷ್ಟರಲ್ಲೇ ಉದುರಿದರೆ ಕೆಲಸಕ್ಕೆ ಬರುತ್ತದೆ.

ಅಳತೆ ಹೀಗೆ: ಮಸಾರಿ ಎರಡು ಬುಟ್ಟಿ, ದಪ್ಪ ಉಸುಕು ಒಂದು ಬುಟ್ಟಿ, ಪೂರ್ತಿ ಕಳಿತ ತಿಪ್ಪೆಗೊಬ್ಬರ ಜರಡಿ ಹಿಡಿದು ಒಂದು ಬುಟ್ಟಿ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅರ್ಧ ಬುಟ್ಟಿ. ಎಂಟು ಇಂಚಿನ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಹೊಳೆಯ ಉಸುಕು ಸಿಗದೆ ಎಂ-ಸ್ಯಾಂಡ್ ಬಳಸುವುದಾದರೆ ಬಕೆಟ್‌ನಲ್ಲಿ ಹಾಕಿ ಮೂರು-ನಾಲ್ಕು ಸಲ ತೊಳೆದು ಬೂದಿಬಣ್ಣದ ಧೂಳು ಹೋಗಿಸಬೇಕು. ಆ ಧೂಳು ಸಿಮೆಂಟಿನ ಹಾಗೆ ಬಿಗಿದುಕೊಳ್ಳುತ್ತದೆ. ಕುಂಡದ ತೂತಿನ ಮೇಲೆ ಒಂದು ಬೋಕಿ (ಒಡೆದ ಮಡಕೆಯ ಚೂರು) ಕವುಚಿದರೆ ಸಾಕು. ತಳದಲ್ಲಿ ಜಲ್ಲಿಯ ದಪ್ಪ ಪದರ ಹಾಕಿದರೆ ನೀರು ಬೇಗ ಬಸಿಯುತ್ತದೆಂಬ ನಂಬಿಕೆ ತಪ್ಪು. ನೀರು ಮಣ್ಣಿನಿಂದ ಜಲ್ಲಿಗೆ ಸುಲಭವಾಗಿ ಇಳಿಯದೆ ಪದರದ ಮೇಲೆಯೇ ತಡೆದು ನಿಲ್ಲುತ್ತದೆ, ಬೇರಿಗೆ ಹಸಿ ಇನ್ನಷ್ಟು ಹತ್ತಿರವಾಗುತ್ತದೆ. ತುಂಬಿದ ಕುಂಡಕ್ಕೆ ಒಂದು ತಂಬಿಗೆ ನೀರು ಸುರಿಯಿರಿ. ಅರ್ಧ ನಿಮಿಷದೊಳಗೆ ಮೇಲಿನ ನೀರು ಇಂಗಬೇಕು. ಇಂಗದಿದ್ದರೆ ಇನ್ನಷ್ಟು ಉಸುಕು.

ನರ್ಸರಿ ಗಿಡದ ಬೇರುಗಟ್ಟಿ ಬಹುತೇಕ ಬರೀ ಕೊಕೊಪೀಟ್. ಅದನ್ನು ಹಾಗೇ ಮಣ್ಣಿನೊಳಗೆ ಇಟ್ಟರೆ ಸುತ್ತಲಿನ ಮಣ್ಣು ಒಣಗಿದ್ದರೂ ನಡುವೆ ಹಸಿ ಉಳಿಯುತ್ತದೆ. ಒಮ್ಮೆ ಪೂರ್ತಿ ಒಣಗಿತೋ, ಎಷ್ಟು ನೀರು ಹಾಕಿದರೂ ಬದಿಯಿಂದ ಹರಿದುಹೋಗುತ್ತದೆ. ನೆಡುವ ಮೊದಲು ಹೊರಗಿನ ಮೂರನೇ ಒಂದು ಭಾಗವನ್ನು ಬೆರಳಿನಿಂದ ಬಿಡಿಸಿ ಉದುರಿಸಿ.

ಕಡ್ಡಿ ಊರುವುದು ಈ ವಾರದ ಮುಖ್ಯ ಕೆಲಸ. ಹೂವು, ಮೊಗ್ಗು ಇಲ್ಲದ ಗಟ್ಟಿ ಚಿಗುರು ಆರಿಸಿ, 8ರಿಂದ 10 ಸೆಂ.ಮೀ. ಉದ್ದ, ಮೂರು-ನಾಲ್ಕು ಗೆಣ್ಣು ಇರುವಂತೆ, ಗೆಣ್ಣಿನ ಸ್ವಲ್ಪ ಕೆಳಗೆ ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಲೇಬೇಕು, ಕಾರಣ ಮುಂದೆ ಬರುತ್ತದೆ. ತುದಿಯ ಎರಡು-ಮೂರು ಎಲೆ ಬಿಟ್ಟು ಉಳಿದವನ್ನು, ಎಲೆಬುಡದ ಸಣ್ಣ ಸಿಪ್ಪೆಗಳನ್ನೂ ತೆಗೆಯಿರಿ. ಕೊಳೆ ಶುರುವಾಗುವುದು ಆ ಸಿಪ್ಪೆಯಿಂದಲೇ. ಕಡ್ಡಿಗಳನ್ನು ನೆರಳಿನಲ್ಲಿ ನಾಲ್ಕಾರು ತಾಸು ಹರಡಿ ಗಾಯ ಒಣಗಲು ಬಿಡಿ. ಆಮೇಲೆ ತೊಳೆದ ಉಸುಕು ಮೂರು ಪಾಲು, ಕೊಕೊಪೀಟ್ ಒಂದು ಪಾಲಿನ ಮಿಶ್ರಣದಲ್ಲಿ ಪೆನ್ಸಿಲ್ಲಿನಿಂದ ತೂತು ಮಾಡಿ 3 ಸೆಂ.ಮೀ. ಆಳಕ್ಕೆ ಇಳಿಸಿ. ನೇರವಾಗಿ ಚುಚ್ಚಿದರೆ ಆರಿದ ಗಾಯ ಮತ್ತೆ ಬಿಚ್ಚುತ್ತದೆ.

ಗುಲಾಬಿ ಕಡ್ಡಿಗೆ ಮಾಡುವಂತೆ ಪ್ಲಾಸ್ಟಿಕ್ ಚೀಲ ಮುಚ್ಚಬೇಡಿ. ಜರೇನಿಯಂ ಕಾಂಡದಲ್ಲೇ ನೀರಿದೆ, ಮುಚ್ಚಿದ ಹಬೆಯಲ್ಲಿ ಬೂದುಬಣ್ಣದ ಬೂಷ್ಟು ಹಿಡಿಯುತ್ತದೆ. ಒಮ್ಮೆ ನೀರು ಕೊಟ್ಟು ಬೆಳಕಿರುವ ನೆರಳಿನಲ್ಲಿಡಿ, ಮೇಲ್ಮೈ ಒಣಗಿದ ಮೇಲೆಯೇ ಮತ್ತೆ ನೀರು. ಎರಡು-ಮೂರು ವಾರದಲ್ಲಿ ಬೇರು ಬರುತ್ತದೆ. ಬುಡ ಕಪ್ಪಾಗಿ ಮೆತ್ತಗಾಗಿ ಮೇಲಕ್ಕೆ ಏರುತ್ತಿದ್ದರೆ ಪಿಥಿಯಂ ಎಂಬ ಸೂಕ್ಷ್ಮಜೀವಿಯ ಕೊಳೆ. ಆ ಕಡ್ಡಿಯನ್ನೂ ಸುತ್ತಲಿನ ಉಸುಕನ್ನೂ ಎಸೆಯಿರಿ. ಬೇರು ಬಂದದ್ದನ್ನು ಮೊದಲು ನಾಲ್ಕು ಇಂಚಿನ ಕುಂಡಕ್ಕೆ, ಅದು ತುಂಬಿದ ಮೇಲೆ ಎಂಟು ಇಂಚಿಗೆ. ಸಣ್ಣ ಗಿಡಕ್ಕೆ ದೊಡ್ಡ ಕುಂಡ ಕೊಟ್ಟರೆ ಬೇರು ಮುಟ್ಟದ ಮಣ್ಣು ಹಸಿಯಾಗಿಯೇ ಉಳಿದು ಹುಳಿಯಾಗುತ್ತದೆ. ಹೊಸ ಎಲೆ ನಾಲ್ಕಾದಾಗ ತುದಿ ಚಿವುಟಿ.

ಸ್ಯಾಂಗ್ವಿನಿಯಂ ಬೀಜಕ್ಕೆ ಸಿಪ್ಪೆ ಗಟ್ಟಿ. ನಯವಾದ ಉಜ್ಜುಕಾಗದದ ಮೇಲೆ ಮೆಲ್ಲಗೆ ತಿಕ್ಕಿ, ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಅರ್ಧ ಸೆಂ.ಮೀ. ಆಳಕ್ಕೆ ಬಿತ್ತಿ. ಎರಡು ವಾರದಲ್ಲಿ ಒಂದೆರಡು ಏಳುತ್ತವೆ, ಉಳಿದವು ತಿಂಗಳಾದರೂ ತಡಮಾಡುತ್ತವೆ. ಟ್ರೇ ಬೇಗ ಎಸೆಯಬೇಡಿ.

ಫೆಬ್ರುವರಿವರೆಗೆ ಕುಂಡಕ್ಕೆ ದಿನಕ್ಕೆ ಆರು ತಾಸು ಬಿಸಿಲು ಬೇಕು. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ಬೆಳಿಗ್ಗೆ ನೀರು, ಎಲೆಯ ಮೇಲಲ್ಲ ಬುಡಕ್ಕೆ. ಮಲಪ್ರಭೆಯ ನಲ್ಲಿನೀರು ಒಳ್ಳೆಯದು. ಎರೆ ಭಾಗದ ಬೋರ್‌ವೆಲ್ ನೀರು ಗಡುಸು, ಅದನ್ನೇ ಹಾಕುತ್ತಿದ್ದರೆ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದು ಕಬ್ಬಿಣದ ಕೊರತೆ, ಗೊಬ್ಬರ ಹೆಚ್ಚಿಸಿದರೆ ಹೋಗುವುದಿಲ್ಲ. ಸಾಧ್ಯವಾದರೆ ಹಿಡಿದಿಟ್ಟ ಮಳೆನೀರು ಕೊಡಿ. ಗೊಬ್ಬರ ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19, ಲೀಟರಿಗೆ 2 ಗ್ರಾಂ, ಹದಿನೈದು ದಿನಕ್ಕೊಮ್ಮೆ. ಮೊಗ್ಗು ಕಂಡ ಮೇಲೆ ಅದೇ ಅಳತೆಯಲ್ಲಿ 13:0:45. ಯೂರಿಯಾ ಬೇಡ, ಎಲೆ ಅಂಗೈಯಗಲವಾಗಿ ಹೂವು ಮರೆತುಬಿಡುತ್ತದೆ.

ಹುಳುಗಳಲ್ಲಿ ಇಲ್ಲಿ ದೊಡ್ಡ ಕಾಟ ಕಡಲೆಯ ಕಾಯಿಕೊರಕ. ಸುತ್ತಲಿನ ಹೊಲಗಳಲ್ಲಿ ಕಡಲೆ ಇರುವಾಗ ಅದರ ಪತಂಗ ಊರೊಳಗೂ ಬರುತ್ತದೆ, ಮರಿ ಹುಳು ಮೊಗ್ಗಿಗೆ ಗುಂಡು ತೂತು ಕೊರೆದು ಒಳಗನ್ನು ತಿನ್ನುತ್ತದೆ. ಹೂಗೊಂಚಲು ಅರೆಬರೆ ಅರಳಿ ನಿಂತರೆ ಮೊಗ್ಗುಗಳನ್ನು ತಿರುಗಿಸಿ ನೋಡಿ. ಸಂಜೆ ಟಾರ್ಚ್ ಹಿಡಿದು ಕೈಯಿಂದ ಆರಿಸುವುದೇ ಉತ್ತಮ. ಹೆಚ್ಚಿದ್ದರೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಬೆರೆಸಿ ಸಂಜೆ ಸಿಂಪಡಿಸಿ.

ಎಲೆಯಡಿಯಲ್ಲಿ ಕಂದು ಪುಡಿಯ ಬಳೆಗಳು ಕಂಡರೆ ತುಕ್ಕುರೋಗ. ಆ ಎಲೆಗಳನ್ನು ಕಿತ್ತು ಗಿಡಗಳ ನಡುವೆ ಗಾಳಿಗೆ ಜಾಗ ಮಾಡಿ. ಬಳ್ಳಿ ಜರೇನಿಯಂನ ಎಲೆಯಡಿ ಬೆಂಡಿನಂಥ ಗುಳ್ಳೆಗಳೆದ್ದರೆ ಅದು ರೋಗವಲ್ಲ, ಮೋಡದ ದಿನಗಳಲ್ಲಿ ನೀರು ಹೆಚ್ಚಾದ ಗುರುತು. ನಿಜಕ್ಕೂ ಹೆದರಬೇಕಾದದ್ದು ಬ್ಯಾಕ್ಟೀರಿಯಾದ ಸೊರಗು ರೋಗ, ಝಾಂಥೊಮೊನಾಸ್. ಎಲೆಯಂಚಿನಿಂದ ನಡುವಿಗೆ ಚೂಪಾದ ಹಳದಿ ಮುಕ್ಕೋನ ಮೂಡುತ್ತದೆ, ಮಣ್ಣು ಹಸಿಯಿದ್ದರೂ ಎಲೆ ಜೋತು ಬೀಳುತ್ತದೆ. ಇದಕ್ಕೆ ಮದ್ದಿಲ್ಲ, ಕುಂಡದ ಮಣ್ಣು ಸಮೇತ ಹೊರಹಾಕಬೇಕು. ಬ್ಲೇಡ್ ಒರೆಸಲು ಹೇಳಿದ್ದು ಇದಕ್ಕಾಗಿಯೇ. ನಿಜವಾದ ಜರೇನಿಯಂಗೆ ಈ ರೋಗ ತಗಲಿದರೆ ಎಲೆಚುಕ್ಕೆಯಷ್ಟೇ ಆಗಿ ಗಿಡ ಬದುಕಿಕೊಳ್ಳುತ್ತದೆ, ಆದರೆ ಅದರಿಂದ ಸಿಡಿದ ನೀರು ಪಕ್ಕದ ಝೋನಲ್ ಗಿಡವನ್ನು ಕೊಲ್ಲುತ್ತದೆ. ಎರಡೂ ಜಾತಿ ಬೆಳೆಸುವವರು ಸ್ಯಾಂಗ್ವಿನಿಯಂ ಕುಂಡಗಳನ್ನು ಬೇರೆ ಮೂಲೆಗೆ, ಎತ್ತರದಲ್ಲಲ್ಲ ಕೆಳಗೆ ಇಡಿ.

ಮುಂದಿನ ತಿಂಗಳುಗಳ ಕೆಲಸವನ್ನೂ ಇಲ್ಲೇ ಬರೆದಿಡುತ್ತೇನೆ. ಫೆಬ್ರುವರಿ ಕೊನೆಗೆ ಪ್ರತಿ ಗಿಡದಿಂದ ಎರಡು ಕಡ್ಡಿ ತೆಗೆದು ಊರಬೇಕು. ಮಳೆಗಾಲ ದಾಟುವುದು ಹಳೆಯ ಗಿಡಕ್ಕಿಂತ ಎಳೆ ಗಿಡಕ್ಕೆ ಸುಲಭ. ಮಾರ್ಚ್‌ನಿಂದ ಹನ್ನೊಂದು ಗಂಟೆಯವರೆಗಿನ ಬಿಸಿಲು ಸಾಕು. ಏಪ್ರಿಲ್‌ನಲ್ಲಿ ಹೂವು ನಿಂತರೆ ಗಾಬರಿ ಬೇಡ, ಗೊಬ್ಬರ ನಿಲ್ಲಿಸಿ. ಮಿರಗಾ (ಜೂನ್ ಮೊದಲ ಭಾಗದ ಮೃಗಶಿರಾ ಮಳೆ) ಕೂಡುವ ಮೊದಲು ಗಿಡವನ್ನು ಮೂರನೇ ಒಂದು ಭಾಗ ಕತ್ತರಿಸಿ, ಮನೆಯ ಮೂಡಣ ಗೋಡೆಗೆ, ಸೂರಿನಡಿಗೆ ಸಾಗಿಸಬೇಕು. ನಮ್ಮ ಮುಂಗಾರು ಪಡುವಣ ಗಾಳಿಯ ಜೊತೆ ಓರೆಯಾಗಿ ಬರುತ್ತದೆ, ಮೂಡಣ ಬದಿಗೆ ಎರಚಲು ಕಡಿಮೆ. ಕುಂಡಗಳನ್ನು ನೆಲಕ್ಕೆ ತಾಗಿಸದೆ ಎರಡು ಇಟ್ಟಂಗಿಗಳ ಮೇಲೆ ಒಂದು ಗೇಣು ಅಂತರದಲ್ಲಿಡಿ, ಅಡಿಯ ತಟ್ಟೆ ತೆಗೆದುಬಿಡಿ. ಜಿಟಿಜಿಟಿ ಮಳೆ ಹಿಡಿದ ವಾರಗಳಲ್ಲಿ ನೀರು ಬೇಡವೇ ಬೇಡ. ಎಲೆ ಸ್ವಲ್ಪ ಬಾಡಿದ ಮೇಲೆ ಅರ್ಧ ತಂಬಿಗೆ ಕೊಟ್ಟರೆ ಗಿಡ ಸೆಪ್ಟೆಂಬರ್ ಕಾಣುತ್ತದೆ.