ರೌಟರ್ ಒಳ್ಳೆಯದೇ, ಇಟ್ಟ ಜಾಗ ಸರಿ ಇರಲಿಲ್ಲ

ಶಿವಮೊಗ್ಗದಲ್ಲಿ ಫೈಬರ್ ಲೈನ್ ಕೆಲಸ ನನ್ನದು. ‘ನೆಟ್ ಸ್ಲೋ’ ಅಂತ ದೂರಿನ ಟಿಕೆಟ್ ಬಂದರೆ ನಮ್ಮ ಆಫೀಸಿಗೆ ಬೇಕಾಗಿರುವುದು ಎರಡೇ ಫೋಟೋ. ಮೀಟರಿನಲ್ಲಿ ಫೈಬರ್ ಬೆಳಕಿನ ಪವರ್, ಓಎನ್‌ಟಿ (ಮನೆಯೊಳಗೆ ಫೈಬರ್ ಬಂದು ಸೇರುವ ಡಬ್ಬ) ಪಕ್ಕ ನಿಂತು ಮಾಡಿದ ಸ್ಪೀಡ್ ಟೆಸ್ಟ್. ಎರಡೂ ಸರಿ ಇದ್ದರೆ ಟಿಕೆಟ್ ಕ್ಲೋಸ್. ಮನೆಯವರು ಕೂತು ಕೆಲಸ ಮಾಡುವ ರೂಮಿಗೆ ಹೋಗಿ ನೋಡು ಅಂತ ಯಾರೂ ಹೇಳುವುದಿಲ್ಲ. ಈ ಪದ್ಧತಿ ಮೇಲೆ ನನಗೆ ಈಗಲೂ ಸಿಟ್ಟಿದೆ.

ಕಳೆದ ಮಳೆಗಾಲದಲ್ಲಿ ಒಂದು ಹಳೇ ಮನೆಗೆ ಹೋಗಿದ್ದೆ. ದಪ್ಪ ಗೋಡೆ. ಓಎನ್‌ಟಿ ಜಗುಲಿ ಮೂಲೆಯಲ್ಲಿ, ಕೆಲಸ ಮಾಡುವ ಮಗಳು ಮಹಡಿ ಮೇಲೆ. 200 ಎಂಬಿಪಿಎಸ್ ಪ್ಲಾನ್ ಕೆಳಗೆ ಪೂರ್ತಿ ಬರುತ್ತಿತ್ತು. ಮೇಲೆ ವೈಫೈನ ವೇಗದ 5 ಗಿಗಾಹರ್ಟ್ಸ್ ಬ್ಯಾಂಡ್ ತಲುಪುತ್ತಲೇ ಇರಲಿಲ್ಲ, ಲ್ಯಾಪ್‌ಟಾಪ್ ನಿಧಾನದ 2.4 ಹಿಡಿದು ತೆವಳುತ್ತಿತ್ತು. ಓಎನ್‌ಟಿ ಒಳಗಿನ ವೈಫೈ ದಂಡ ಅಂತ ಯಾರೋ ಹೇಳಿದ್ದರಂತೆ. ನಾಲ್ಕು ಆಂಟೆನಾದ ದುಬಾರಿ ರೌಟರ್ ತಂದು ಅದರ ಪಕ್ಕದಲ್ಲೇ ಇಟ್ಟಿದ್ದರು. ಗೋಡೆ ಅದೇ, ದೂರ ಅದೇ. ಆಂಟೆನಾ ಎಷ್ಟಿದ್ದರೇನು?

“ನಾಲ್ಕು ಗಂಟೆಗೆ ಅವಳಿಗೆ ಮೀಟಿಂಗ್ ಇದೆ ತಮ್ಮಾ, ಅಷ್ಟರೊಳಗೆ ಆಗುತ್ತಾ?” ಅಂದರು ಅಮ್ಮ.

ಮೆಟ್ಟಿಲ ಪಕ್ಕದಿಂದ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದೆ. ಹೊಸ ರೌಟರನ್ನು ಮೇಲೆ ಇಟ್ಟು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈಫೈ ಹರಡುವ ಕೆಲಸಕ್ಕೆ) ಹಾಕಿದೆ. ಟೆಸ್ಟ್ ಮಾಡಿದರೆ 94. ಮತ್ತೆ ಮಾಡಿದೆ, ಮತ್ತೆ 94. ಗಡಿಯಾರ ನಾಲ್ಕರ ಹತ್ತಿರ. ಮಗಳು ಹೆಡ್‌ಫೋನ್ ಹಾಕಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಾಳೆ. 94ರ ಹತ್ತಿರ ಹೀಗೆ ಅಲ್ಲಾಡದೆ ನಿಂತರೆ ಕೇಬಲಿನ ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿದೆ ಅಂತಲೇ ನಾವು ನೋಡುವುದು. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಕೇಬಲ್ ಒಳಗಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು. ಪ್ಲಗ್ಗನ್ನು ಮೊಬೈಲ್ ಟಾರ್ಚಿಗೆ ಹಿಡಿದೆ. ಕೊನೆಯ ಕಂದು ತಂತಿ ತುದಿವರೆಗೆ ಹೋಗಿರಲಿಲ್ಲ, ಕೂದಲೆಳೆಯಷ್ಟು ಹಿಂದೆ ನಿಂತಿತ್ತು. ಕತ್ತರಿಸಿ, ಎಂಟೂ ತಂತಿ ಸಮ ಮಾಡಿ ಮತ್ತೆ ಪ್ಲಗ್ಗಿನಲ್ಲಿ ಒತ್ತಿ ಕೂರಿಸಿದೆ. 200 ಪೂರ್ತಿ ಬಂತು. ಅವಳು ಮೀಟಿಂಗಿಗೆ ಸೇರಿದಳು.

ಟಿಕೆಟ್ ಮಾತ್ರ ಟೈಮ್ ಮೀರಿತು ಅಂತ ಕೆಂಪಾಯಿತು. ಕೇಬಲ್ ಎಳೆಯುವುದು ನಮ್ಮ ಕೆಲಸದ ಪಟ್ಟಿಯಲ್ಲಿ ಇಲ್ಲವಂತೆ!

ಸಣ್ಣ ಮನೆಗೆ ಬೇರೆ ರೌಟರ್ ಸುಮ್ನೆ ಖರ್ಚು. ಡ್ಯುಯಲ್ ಬ್ಯಾಂಡ್ (2.4, 5 ಎರಡೂ ಇರುವ) ಓಎನ್‌ಟಿಯನ್ನು ನಡುಮನೆಯಲ್ಲಿ ಎತ್ತರಕ್ಕೆ ಇಟ್ಟರೆ ಧಾರಾಳ ಸಾಕು. ದೊಡ್ಡ ಮನೆಗೆ ಎರಡನೇ ಡಬ್ಬ ಬೇಕು, ಆದರೆ ಸಿಗ್ನಲ್ ಸಾಯುವ ಕಡೆ, ವೈರ್ ಎಳೆದು. ಹೊಸ ಕನೆಕ್ಷನ್ ಹಾಕುವಾಗ ಈಗ ನಾನು ಮೊದಲು ಕೇಳುವುದೇ ಜಾಸ್ತಿ ಹೊತ್ತು ಯಾವ ರೂಮಲ್ಲಿ ಕೂರುತ್ತೀರಿ ಅಂತ. ಡ್ರಾಪ್ ಕೇಬಲನ್ನು, ಅಂದರೆ ಹೊರಗಿನಿಂದ ಮನೆಗೆ ಬರುವ ಫೈಬರನ್ನು, ಅಲ್ಲಿಯವರೆಗೇ ಒಯ್ಯುತ್ತೇನೆ.